ಬೇರೆ ಬೇರೆ ಹೊಲ, ಒಂದೇ ಕೆರೆ

ಗಣಕವನ್ನು ಚಾಲೂ ಮಾಡಿದ ಕೂಡಲೇ ತೆರೆಯ ಮೇಲೆ ಒಂದಷ್ಟು ಚಿತ್ರಗಳು, ಅಂಚಿನಲ್ಲಿ ಒಂದು ಪಟ್ಟಿ, ಗಡಿಯಾರ, ಕಸದ ಬುಟ್ಟಿಯ ಗುರುತು ಮೂಡುತ್ತವೆ. ಬರೆಯುವ ಮೇಜನ್ನು ನೆನಪಿಸುವ ಈ ವ್ಯವಸ್ಥೆಗೆ ಡೆಸ್ಕ್‌ಟಾಪ್ ಎಂದು ಹೆಸರು. ಇದನ್ನು ಕಂಡಾಗ ಯಾವುದೋ ಒಂದು ಕಂಪನಿಯವರು ಕುಳಿತು ಇಡಿಯಾಗಿ ತಯಾರಿಸಿದ ವಸ್ತು ಎಂದು ನಮಗೆ ಅನ್ನಿಸುವುದು ಸಹಜ. ವಿಂಡೋಸ್ ಅಥವಾ ಮ್ಯಾಕಿಂತೋಷ್ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ಲಿನಕ್ಸ್ ಮೇಲೆ ನಡೆಯುವ ಮುಕ್ತ ತಂತ್ರಾಂಶದ ಡೆಸ್ಕ್‌ಟಾಪುಗಳ ಕಥೆ ಬೇರೆ. ಕಿಟಕಿಯನ್ನು ಬರೆಯುವವರು ಒಬ್ಬರು, ಅಕ್ಷರ ಜೋಡಿಸುವವರು ಇನ್ನೊಬ್ಬರು, ಧ್ವನಿಯನ್ನು ಹೊರಡಿಸುವವರು ಮತ್ತೊಬ್ಬರು. ಇವರಲ್ಲಿ ಅನೇಕರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಇವರಿಗೆಲ್ಲ ಮೇಲಿನಿಂದ ಅಪ್ಪಣೆ ಕೊಡುವ ಯಜಮಾನನೂ ಇಲ್ಲ.

ಯಜಮಾನನಿಲ್ಲದ ಈ ಮನೆಯಲ್ಲಿ ಕೆಲಸ ಹಂಚಿಕೆಯಾದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ. ಮಾತಿನಲ್ಲಿ ಹೇಳುವಾಗ ಕೈಬಿಟ್ಟುಹೋಗುವ ಇಸವಿಗಳನ್ನೂ ವಿವರಗಳನ್ನೂ ಇಲ್ಲಿ ಕೊಂಚ ನಿಧಾನವಾಗಿ ನೋಡಬಹುದು. ಇದರಲ್ಲಿ ಕನ್ನಡಿಗರಿಗೆ ನೇರವಾಗಿ ಸಂಬಂಧಪಟ್ಟ ಒಂದು ಅಧ್ಯಾಯವೂ ಇದೆ. ನಮ್ಮ ಒತ್ತಕ್ಷರಗಳು ತೆರೆಯ ಮೇಲೆ ಒಡೆಯದೆ ಮೂಡುವುದರ ಹಿಂದೆ ಇದೇ ಕೆಲಸ ಹಂಚಿಕೆಯ ಚರಿತ್ರೆ ಇದೆ.

ಮೊದಲ ಅಡಿಪಾಯ

1984ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ರಾಬರ್ಟ್ ಷೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬವರು ಎಕ್ಸ್ ವಿಂಡೋ ಸಿಸ್ಟಮ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಯೂನಿಕ್ಸ್ ಗಣಕಗಳ ತೆರೆಯ ಮೇಲೆ ಕಿಟಕಿಗಳನ್ನು ತೋರಿಸುವುದು ಅದರ ಕೆಲಸ. 1987ರ ಸೆಪ್ಟೆಂಬರಿನಲ್ಲಿ ಅದರ ಹನ್ನೊಂದನೆಯ ಆವೃತ್ತಿ ಹೊರಬಂತು. ಮುಂದಿನ ಮೂವತ್ತು ವರ್ಷಗಳಿಗೂ ಮೀರಿ ಅದೇ ಬುನಾದಿಯಾಗಿ ಉಳಿಯಿತು. ಈ ಎಕ್ಸ್‌ನ ಕರ್ತೃಗಳು ಒಂದು ಸೂತ್ರವನ್ನು ಇಟ್ಟುಕೊಂಡಿದ್ದರು: ಸಾಧನವನ್ನು ನಾವು ಕೊಡೋಣ, ಅದನ್ನು ಹೀಗೆಯೇ ಬಳಸಬೇಕೆಂಬ ಕಟ್ಟಳೆ ಬೇಡ. ಗೆರೆ ಎಳೆಯಲು, ಕಿಟಕಿ ತೆರೆಯಲು ಎಕ್ಸ್ ನೆರವಾಗುತ್ತದೆ. ಆದರೆ ಗುಂಡಿ ಯಾವ ಬಣ್ಣದ್ದಿರಬೇಕು, ಕಿಟಕಿ ಮುಚ್ಚುವ ಗುರುತು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದನ್ನು ಅದು ಹೇಳುವುದಿಲ್ಲ.

ಈ ಔದಾರ್ಯದ ಫಲವಾಗಿ ಒಬ್ಬೊಬ್ಬರ ಪ್ರೋಗ್ರಾಂ ಒಂದೊಂದು ರೀತಿ ಕಾಣತೊಡಗಿತು. 1993ರಲ್ಲಿ ಎಚ್‌ಪಿ, ಐಬಿಎಂ, ಸನ್ ಮೊದಲಾದ ಕಂಪನಿಗಳು ಒಟ್ಟುಗೂಡಿ ಕಾಮನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್, ಎಂದರೆ ಸಿಡಿಇ, ಎಂಬ ಸಾಮಾನ್ಯ ಡೆಸ್ಕ್‌ಟಾಪನ್ನು ಘೋಷಿಸಿದವು. ಆದರೆ ಅದು ಹಣ ಕೊಟ್ಟು ಕೊಳ್ಳಬೇಕಾದ ಸರಕು. ಅದರ ಸೋರ್ಸ್ ಕೋಡ್ ಮುಕ್ತವಾದದ್ದು 2012ರಲ್ಲಿ. ಆ ವೇಳೆಗೆ ಅದನ್ನು ಬಳಸುವವರು ಅಪರೂಪವಾಗಿದ್ದರು. ಇತ್ತ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಬೆಳೆಯುತ್ತಿತ್ತು. ಯಾರು ಬೇಕಾದರೂ ಪಡೆದು ತಿದ್ದಬಹುದಾದ ಗಣಕವ್ಯವಸ್ಥೆ ಕೈಗೆ ಬಂದಿತ್ತು. ಸಾಮಾನ್ಯ ಜನ ಅದರ ಮುಂದೆ ಕುಳಿತು ಕೆಲಸ ಮಾಡುವಂಥ ಮೇಜು ಮಾತ್ರ ಇರಲಿಲ್ಲ.

ಎರಡು ಮನೆಗಳು

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಟಿಯಾಸ್ ಎಟ್ರಿಷ್ 1996ರ ಅಕ್ಟೋಬರ್ 14ರಂದು ಈ ಕೊರತೆಯನ್ನು ತುಂಬುವ ಯೋಜನೆಯೊಂದನ್ನು ಪ್ರಕಟಿಸಿ ಸಹಾಯಕರನ್ನು ಕರೆದರು. ಯೋಜನೆಗೆ ಕೆಡಿಇ ಎಂದು ಹೆಸರಿಟ್ಟರು. ಸಿಡಿಇ ಎಂಬ ಹೆಸರಿನ ಮೇಲೆ ಅದೊಂದು ವಿನೋದ. ಅವರ ಗುರಿ ಗಣಕತಜ್ಞನಲ್ಲ, ಸಾಮಾನ್ಯ ಬಳಕೆದಾರ. ಎಲ್ಲ ಪ್ರೋಗ್ರಾಂಗಳೂ ಒಂದೇ ಮನೆಯ ಮಕ್ಕಳಂತೆ ಕಾಣಬೇಕು, ಒಂದೇ ರೀತಿ ನಡೆದುಕೊಳ್ಳಬೇಕು ಎಂಬುದು ಅವರ ಆಶಯ. ಕರೆಗೆ ಓಗೊಟ್ಟವರು ಬೇಗ ಸೇರಿಕೊಂಡರು. 1998ರ ಜುಲೈನಲ್ಲಿ ಕೆಡಿಇಯ ಮೊದಲ ಪೂರ್ಣ ಆವೃತ್ತಿ ಹೊರಬಿತ್ತು.

ಆದರೆ ಇದರಲ್ಲಿ ಒಂದು ತೊಡಕಿತ್ತು. ಗುಂಡಿ, ಪಟ್ಟಿ, ಕಿಟಕಿಗಳನ್ನು ರಚಿಸಲು ಎಟ್ರಿಷ್ ಆರಿಸಿಕೊಂಡಿದ್ದ ಕ್ಯೂಟಿ ಎಂಬ ಉಪಕರಣ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಸ್ವತ್ತು. ಮುಕ್ತ ತಂತ್ರಾಂಶಕ್ಕೆ ಅದು ಪುಕ್ಕಟೆಯಾಗಿ ದೊರೆಯುತ್ತಿದ್ದರೂ ತಿದ್ದಿ ಹಂಚುವ ಸ್ವಾತಂತ್ರ್ಯ ಇರಲಿಲ್ಲ. ಪರರ ಜಾಗದಲ್ಲಿ ಸ್ವಂತ ಮನೆ ಕಟ್ಟಿದಂತೆ ಎಂದು ಹಲವರು ಆಕ್ಷೇಪಿಸಿದರು. ಡೆಬಿಯನ್ ಎಂಬ ಲಿನಕ್ಸ್ ಹಂಚಿಕೆಯವರಂತೂ 1998ರಲ್ಲಿ ಪರವಾನಗಿಯ ಕಾರಣಕ್ಕೆ ಕೆಡಿಇಯನ್ನು ಹೊರಗಿಟ್ಟರು.

ಈ ಆಕ್ಷೇಪದಿಂದಲೇ ಎರಡನೆಯ ಮನೆ ಹುಟ್ಟಿತು. 1997ರ ಆಗಸ್ಟ್ 15ರಂದು ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೋ ಮೆನಾ ಅವರು ಗ್ನೋಮ್ ಎಂಬ ಯೋಜನೆಯನ್ನು ಘೋಷಿಸಿದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ್ದ ಗ್ನೂ ಚಳವಳಿಯ ಬೆಂಬಲ ಇದಕ್ಕಿತ್ತು. ಇವರ ಉಪಕರಣ ಜಿಟಿಕೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ತಮ್ಮ ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ಗಾಗಿ ಅದನ್ನು ರಚಿಸಿದ್ದರು. ಪರವಾನಗಿಯ ದೃಷ್ಟಿಯಿಂದ ಅದರಲ್ಲಿ ಯಾವ ತೊಡಕೂ ಇರಲಿಲ್ಲ. ಗ್ನೋಮ್‌ನ ಮೊದಲ ಆವೃತ್ತಿ 1999ರ ಮಾರ್ಚಿನಲ್ಲಿ ಬಂತು.

ಇತ್ತ ಕೆಡಿಇಯವರು ಸುಮ್ಮನೆ ಕುಳಿತಿರಲಿಲ್ಲ. 1998ರಲ್ಲಿಯೇ ಟ್ರೋಲ್‌ಟೆಕ್ ಜೊತೆ ಸೇರಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಕಂಪನಿ ಮುಂದೆಂದಾದರೂ ಮುಕ್ತ ಆವೃತ್ತಿಯನ್ನು ನಿಲ್ಲಿಸಿದರೆ ಕ್ಯೂಟಿಯನ್ನು ಉದಾರ ಪರವಾನಗಿಯಲ್ಲಿ ಬಿಡುಗಡೆ ಮಾಡುವ ಹಕ್ಕನ್ನು ಬರವಣಿಗೆಯಲ್ಲಿ ಪಡೆದುಕೊಂಡರು. 2000ದ ಸೆಪ್ಟೆಂಬರಿನಲ್ಲಿ ಕ್ಯೂಟಿ ಜಿಪಿಎಲ್ ಪರವಾನಗಿಯಡಿ ಪೂರ್ಣ ಮುಕ್ತವಾಯಿತು. ಗ್ನೋಮ್ ಹುಟ್ಟಲು ಇದ್ದ ಮುಖ್ಯ ಕಾರಣ ಅಲ್ಲಿಗೆ ಇಲ್ಲವಾಯಿತು. ಆದರೂ ಎರಡು ಮನೆಗಳು ಒಂದಾಗಲಿಲ್ಲ. ಆ ಹೊತ್ತಿಗೆ ಪ್ರತಿಯೊಂದರಲ್ಲೂ ನೂರಾರು ಜನ ದುಡಿಯುತ್ತಿದ್ದರು. ಒಂದು ಕಡೆ ಸಿ ಪ್ಲಸ್ ಪ್ಲಸ್ ಭಾಷೆ, ಇನ್ನೊಂದು ಕಡೆ ಸಿ ಭಾಷೆ. ಒಂದು ಕಡೆ ಬಳಕೆದಾರನಿಗೆ ಆಯ್ಕೆಗಳನ್ನೆಲ್ಲ ಬಿಚ್ಚಿಡುವ ಮನೋಧರ್ಮ, ಇನ್ನೊಂದು ಕಡೆ ಆಯ್ಕೆಗಳನ್ನು ಕಡಿಮೆ ಮಾಡಿ ಸರಳಗೊಳಿಸುವ ಮನೋಧರ್ಮ. ಬೇರೆಯಾದ ಅಣ್ಣತಮ್ಮಂದಿರ ಜಗಳದ ಕಾರಣ ಮುಗಿದ ಮೇಲೂ ಒಲೆ ಎರಡಾಗಿಯೇ ಉರಿಯುವುದು ನಮಗೆ ತಿಳಿಯದ ಸಂಗತಿಯಲ್ಲ.

ಒಂದೇ ಕೆಲಸ ಎರಡು ಸಲ

ಎರಡು ಒಲೆಗಳ ತೊಂದರೆ ಬಳಕೆದಾರನಿಗೆ ಬೇಗ ತಟ್ಟಿತು. ಕೆಡಿಇಯ ಪ್ರೋಗ್ರಾಂನಲ್ಲಿ ನಕಲು ಮಾಡಿದ ಮಾತು ಗ್ನೋಮ್‌ನ ಪ್ರೋಗ್ರಾಂನಲ್ಲಿ ಅಂಟುತ್ತಿರಲಿಲ್ಲ. ನಕಲು ಎಂಬುದರ ಅರ್ಥವನ್ನೇ ಎರಡು ಕಡೆಯವರು ಬೇರೆಬೇರೆಯಾಗಿ ಹಿಡಿದಿದ್ದರು. ಧ್ವನಿಯ ವಿಷಯ ಇನ್ನೂ ಸ್ವಾರಸ್ಯಕರ. ಕೆಡಿಇಯ ಧ್ವನಿಯನ್ನು ಆರ್ಟ್ಸ್ ಎಂಬ ತಂತ್ರಾಂಶ ನಿರ್ವಹಿಸುತ್ತಿತ್ತು, ಗ್ನೋಮ್‌ನದನ್ನು ಇಎಸ್‌ಡಿ ಎಂಬುದು. ಗಣಕದಲ್ಲಿ ಧ್ವನಿಯ ಕಾರ್ಡು ಒಂದೇ. ಒಬ್ಬರು ಅದನ್ನು ಹಿಡಿದುಕೊಂಡರೆ ಇನ್ನೊಬ್ಬರು ಮೂಕರಾಗಬೇಕು.

ಹೊಸದೊಂದು ಪ್ರೋಗ್ರಾಂ ಬರೆದವನ ಪಾಡೂ ಕಷ್ಟದ್ದೇ. ಅದರ ಹೆಸರು ಎರಡೂ ಡೆಸ್ಕ್‌ಟಾಪುಗಳ ಪಟ್ಟಿಯಲ್ಲಿ ಕಾಣಬೇಕಾದರೆ ಎರಡು ಕಡೆ ಎರಡು ರೀತಿಯ ಅರ್ಜಿ ಗುಜರಾಯಿಸಬೇಕು. ಹೀಗೆ ಒಂದೇ ಕೆಲಸಕ್ಕೆ ಎರಡು ಪಟ್ಟು ಶ್ರಮ, ಅದೂ ಬಹುಪಾಲು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರ ಶ್ರಮ, ವ್ಯಯವಾಗುತ್ತಿತ್ತು.

ನಡುವಣ ಜಾಗ

2000ದಲ್ಲಿ ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಗ್ನೋಮ್ ಕಾರ್ಯಕರ್ತ ಹಾವಕ್ ಪೆನಿಂಗ್ಟನ್ ಒಂದು ಸಾಮಾನ್ಯ ಜಾಗವನ್ನು ತೆರೆದರು. ಅದೇ ಮುಂದೆ ಫ್ರೀಡೆಸ್ಕ್‌ಟಾಪ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದು ಮೂರನೆಯ ಡೆಸ್ಕ್‌ಟಾಪನ್ನು ಕಟ್ಟುವ ಪ್ರಯತ್ನವಾಗಿರಲಿಲ್ಲ. ಎರಡು ಮನೆಗಳನ್ನು ಒಂದಾಗಿಸುವ ಪಂಚಾಯಿತಿಯೂ ಆಗಿರಲಿಲ್ಲ. ಯಾರ ಮೇಲೂ ಯಾವುದನ್ನೂ ಹೇರುವ ಅಧಿಕಾರ ಅದಕ್ಕಿರಲಿಲ್ಲ. ಎರಡು ಕಡೆಯ ಕಸುಬುದಾರರು ಬಂದು ಕೂತು, ಯಾವ ಯಾವ ವಿಷಯದಲ್ಲಿ ಒಂದೇ ಪದ್ಧತಿ ಇದ್ದರೆ ಇಬ್ಬರಿಗೂ ಹಿತ ಎಂದು ಮಾತಾಡಿಕೊಳ್ಳುವ ಕಟ್ಟೆ ಅದು.

ಈ ಕಟ್ಟೆಯ ಮೇಲೆ ತೀರ್ಮಾನವಾದ ಸಂಗತಿಗಳು ನೋಡಲು ಚಿಕ್ಕವು. ಪ್ರೋಗ್ರಾಂನ ಹೆಸರು, ಗುರುತು, ಅದನ್ನು ನಡೆಸುವ ಬಗೆಯನ್ನು ಬರೆದಿಡುವ ಒಂದು ಸಣ್ಣ ಕಡತದ ನಮೂನೆ. ಕಿಟಕಿಗಳು ದೊಡ್ಡದಾಗುವ, ಕುಗ್ಗುವ ಸಂಜ್ಞೆಗಳು. ಗುರುತುಚಿತ್ರಗಳನ್ನು ಇಡುವ ಜಾಗ. ಕಸದ ಬುಟ್ಟಿಗೆ ಹಾಕಿದ ಕಡತವನ್ನು ಎಲ್ಲಿಡಬೇಕು, ವಾಪಸು ಬೇಕೆಂದರೆ ಅದು ಮೊದಲು ಇದ್ದ ಸ್ಥಳವನ್ನು ಹೇಗೆ ನೆನಪಿಡಬೇಕು ಎಂಬ ನಿಯಮ. ಈ ನಿಯಮದ ದೆಸೆಯಿಂದಲೇ ಗ್ನೋಮ್‌ನಲ್ಲಿ ಎಸೆದ ಕಡತವನ್ನು ಕೆಡಿಇಯ ಬುಟ್ಟಿಯಿಂದ ಎತ್ತಿಕೊಳ್ಳಬಹುದು.

ದೊಡ್ಡ ಒಪ್ಪಂದಗಳೂ ಆದವು. ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಕೆಡಿಇಯಲ್ಲಿ ಡಿಕಾಪ್ ಎಂಬ ಸರಳ ವಿಧಾನವಿತ್ತು; ಗ್ನೋಮ್‌ನಲ್ಲಿ ಕೋರ್ಬಾ ಎಂಬ ಭಾರಿ ವಿಧಾನವಿತ್ತು. ಡಿಕಾಪ್‌ನ ಅನುಭವದಿಂದ ಪಾಠ ಕಲಿತು ಡಿ-ಬಸ್ ಎಂಬ ಹೊಸದನ್ನು ಫ್ರೀಡೆಸ್ಕ್‌ಟಾಪ್‌ನಲ್ಲಿ ರಚಿಸಲಾಯಿತು. ಅದರ ಮೊದಲ ಪೂರ್ಣ ಆವೃತ್ತಿ 2006ರ ನವೆಂಬರಿನಲ್ಲಿ ಬಂತು. 2008ರ ಜನವರಿಯಲ್ಲಿ ಬಂದ ನಾಲ್ಕನೆಯ ಕೆಡಿಇ ತನ್ನ ಸ್ವಂತ ಡಿಕಾಪನ್ನು ಬಿಟ್ಟು ಡಿ-ಬಸ್ಸನ್ನು ಒಪ್ಪಿತು. ಗ್ನೋಮ್ ಕೂಡ ಮೆಲ್ಲಗೆ ತನ್ನ ಹಳೆಯ ವಿಧಾನವನ್ನು ಕಳಚಿತು. ಇಬ್ಬರೂ ಏನನ್ನೋ ಬಿಟ್ಟುಕೊಟ್ಟರು ಎಂಬುದನ್ನು ಇಲ್ಲಿ ಗಮನಿಸಬೇಕು. ತಾನು ಕಟ್ಟಿದ್ದನ್ನು ತಾನೇ ಕೆಡವಿ, ನೆರೆಯವನೊಂದಿಗೆ ಸೇರಿ ಮತ್ತೆ ಕಟ್ಟುವುದಕ್ಕೆ ತಂತ್ರಜ್ಞಾನದ ಜೊತೆಗೆ ಮನಸ್ಸೂ ಬೇಕು.

ಧ್ವನಿಯ ಜಗಳಕ್ಕೂ ಮದ್ದು ಸಿಕ್ಕಿತು. ಪಲ್ಸ್ ಆಡಿಯೋ ಎಂಬ ಮೂರನೆಯ ತಂತ್ರಾಂಶ 2007-08ರ ಹೊತ್ತಿಗೆ ಪ್ರಮುಖ ಲಿನಕ್ಸ್ ಹಂಚಿಕೆಗಳನ್ನು ಸೇರಿತು. ಆರಂಭದಲ್ಲಿ ಅದು ಜನರನ್ನು ಬಹಳ ಕಾಡಿತು ಎಂಬುದೂ ನಿಜ. ಕಾಲಾನಂತರ ಸುಧಾರಿಸಿ, ಈಗ ಪೈಪ್‌ವೈರ್ ಎಂಬ ಇನ್ನೊಂದಕ್ಕೆ ದಾರಿ ಬಿಟ್ಟುಕೊಡುತ್ತಿದೆ. ಪಿಡಿಎಫ್ ಕಡತಗಳನ್ನು ಬಿಡಿಸಿ ತೋರಿಸುವ ಪಾಪ್ಲರ್ ಎಂಬ ತಂತ್ರಾಂಶ 2005ರಿಂದ ಇದೇ ಸಾಮಾನ್ಯ ಜಾಗದಲ್ಲಿ ಬೆಳೆಯಿತು. ಗ್ನೋಮ್‌ನ ಓದುವ ಪ್ರೋಗ್ರಾಂ ಬೇರೆ, ಕೆಡಿಇಯದು ಬೇರೆ. ಒಳಗೆ ಪುಟವನ್ನು ಬಿಡಿಸುವ ಯಂತ್ರ ಒಂದೇ.

ಹೀಗೆ ಯಾರೂ ನಕ್ಷೆ ಹಾಕದೆಯೇ ಒಂದು ಹಂಚಿಕೆ ರೂಪುಗೊಂಡಿತು. ಬಳಕೆದಾರನ ಕಣ್ಣಿಗೆ ಕಾಣುವ ಮುಖ ಆಯಾ ಮನೆಗೆ ಸೇರಿದ್ದು. ಕಾಣದ ಬುಡ ಇಬ್ಬರಿಗೂ ಸೇರಿದ್ದು. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ ಹೊಲಗಳು ಬೇರೆಬೇರೆ, ನೀರು ಕೊಡುವ ಕೆರೆ ಒಂದೇ.

ಒತ್ತಕ್ಷರದ ಅಧ್ಯಾಯ

ಕನ್ನಡಕ್ಕೆ ಈ ಕೆರೆಯ ನೀರು ಹೇಗೆ ಬಂತು ಎಂಬುದನ್ನು ಈಗ ನೋಡೋಣ.

1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಅಕ್ಷರಕ್ಕೊಂದು ಸಂಖ್ಯೆ ಸಿಕ್ಕ ಮಾತ್ರಕ್ಕೆ ಅದು ತೆರೆಯ ಮೇಲೆ ಸರಿಯಾಗಿ ಮೂಡುವುದಿಲ್ಲ. ‘ಸ್ತ್ರೀ’ ಎಂಬ ಒಂದಕ್ಷರವನ್ನೇ ತೆಗೆದುಕೊಳ್ಳಿ. ಗಣಕದ ನೆನಪಿನಲ್ಲಿ ಇದು ಆರು ಬಿಡಿ ಸಂಖ್ಯೆಗಳಾಗಿ ಕೂತಿರುತ್ತದೆ: ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ಕೊನೆಗೆ ಈಕಾರದ ಚಿಹ್ನೆ. ತೆರೆಯ ಮೇಲೆ ಮಾತ್ರ ಕೊನೆಯಲ್ಲಿರುವ ಈಕಾರ ಮೊದಲಿರುವ ಸಕಾರದ ತಲೆಗೆ ಹತ್ತಬೇಕು, ತಕಾರ ಕೆಳಗೆ ಒತ್ತಾಗಿ ಇಳಿಯಬೇಕು, ರಕಾರದ ಒತ್ತು ಅದರ ಜೊತೆ ಕೂಡಿಕೊಳ್ಳಬೇಕು, ದೀರ್ಘದ ಗುರುತು ಬಲಗಡೆಗೆ ನಿಲ್ಲಬೇಕು. ‘ಕರ್ಮ’ ಎಂಬ ಪದದಲ್ಲಿ ರಕಾರವೇ ಮೊದಲು ಬಂದರೂ ಬರೆಯುವಾಗ ಮಕಾರ ಮುಂದೆ ಹೋಗಿ, ರಕಾರ ಅರ್ಕಾವೊತ್ತಾಗಿ ಹಿಂದೆ ನಿಲ್ಲುತ್ತದೆ. ಅಕ್ಷರಗಳನ್ನು ಬಂದ ಸಾಲಿನಲ್ಲೇ ಇಟ್ಟುಕೊಂಡು ಹೋಗುವ ಇಂಗ್ಲಿಷಿಗೆ ಈ ಕಷ್ಟ ಇಲ್ಲ. ಈ ಜೋಡಣೆಯ ಜಾಣ್ಮೆಯನ್ನು ಒಂದು ಪ್ರತ್ಯೇಕ ತಂತ್ರಾಂಶಕ್ಕೆ ಕಲಿಸಬೇಕಾಗುತ್ತದೆ.

ಇಲ್ಲಿಯೂ ಮೊದಲು ಎರಡು ಒಲೆ ಉರಿದವು. ಗ್ನೋಮ್ ಕಡೆ ಪ್ಯಾಂಗೋ ಎಂಬ ತಂತ್ರಾಂಶವಿತ್ತು. ಗ್ರೀಕಿನಲ್ಲಿ ‘ಪ್ಯಾನ್’ ಎಂದರೆ ಎಲ್ಲ, ಜಪಾನಿಯಲ್ಲಿ ‘ಗೋ’ ಎಂದರೆ ಭಾಷೆ. ಎಲ್ಲ ಭಾಷೆಗಳಿಗೂ ಸಲ್ಲುವುದು ಎಂದು ಹೆಸರಿನ ಅರ್ಥ. 2002ರಲ್ಲಿ ಬಂದ ಎರಡನೆಯ ಜಿಟಿಕೆಯ ಜೊತೆ ಅದು ಬಳಕೆಗೆ ಬಂತು. ಕೆಡಿಇ ಕಡೆ ಕ್ಯೂಟಿಯೊಳಗೇ ಬೇರೊಂದು ಜೋಡಣೆಯ ವ್ಯವಸ್ಥೆ ಬೆಳೆಯಿತು. ಎರಡರ ಮೂಲದಲ್ಲೂ ಫ್ರೀಟೈಪ್ ಎಂಬ ಹಳೆಯ ಯೋಜನೆಯವರು ಕೈಬಿಟ್ಟಿದ್ದ ಒಂದೇ ಕೋಡ್ ಇತ್ತು. ಅದರ ಎರಡು ಪ್ರತಿಗಳು ಎರಡು ಮನೆಗಳಲ್ಲಿ ಎರಡು ದಿಕ್ಕಿಗೆ ಬೆಳೆದಿದ್ದವು. ಒಂದು ಮನೆಯವರು ತಪ್ಪನ್ನು ತಿದ್ದಿದರೆ ಇನ್ನೊಂದು ಮನೆಯಲ್ಲಿ ಆ ತಪ್ಪು ಹಾಗೆಯೇ ಉಳಿಯುತ್ತಿತ್ತು. ಇದರ ಫಲವಾಗಿ ಒಂದೇ ಗಣಕದಲ್ಲಿ, ಒಂದೇ ಫಾಂಟಿನಲ್ಲಿ, ಒಂದೇ ಕನ್ನಡ ಪದ ಒಂದು ಪ್ರೋಗ್ರಾಂನಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ಒಡೆದೂ ಕಾಣಬಹುದಾಗಿತ್ತು.

2006ರಲ್ಲಿ ಈ ಎರಡು ಪ್ರತಿಗಳನ್ನು ಫ್ರೀಡೆಸ್ಕ್‌ಟಾಪ್‌ನಲ್ಲಿ ಒಂದುಗೂಡಿಸುವ ಕೆಲಸ ನಡೆಯಿತು. ಕೂಡಿಬಂದದ್ದಕ್ಕೆ ಹಾರ್ಫ್‌ಬಜ್ ಎಂದು ಹೆಸರಾಯಿತು. ಪರ್ಷಿಯನ್ ಭಾಷೆಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ‘ಹರ್ಫ್’ ಹಿಂದಿ, ಉರ್ದು ಬಲ್ಲವರಿಗೂ ಪರಿಚಿತ ಪದವೇ. ಕ್ಯೂಟಿ ಕಡೆಯಿಂದ ಲಾರ್ಸ್ ನೋಲ್, ಪ್ಯಾಂಗೋ ಕಡೆಯಿಂದ ಇರಾನ್ ಮೂಲದ ಬೆಹ್ದಾದ್ ಇಸ್ಫಹಬೋದ್ ಇದಕ್ಕೆ ದುಡಿದರು. ಮುಂದೆ ಇಸ್ಫಹಬೋದ್ ಅದನ್ನು ಬುಡದಿಂದ ಹೊಸದಾಗಿ ಬರೆದರು. ಭಾರತೀಯ ಲಿಪಿಗಳ ಭಾಗವನ್ನು 2012ರ ಸುಮಾರಿನಲ್ಲಿ ಅವರು ಪರೀಕ್ಷಿಸಿದ ಕ್ರಮ ಹೇಳತಕ್ಕದ್ದು. ಆಯಾ ಭಾಷೆಯ ವಿಕಿಪೀಡಿಯಾದಿಂದ ಪದಗಳನ್ನು ಆಯ್ದು, ತಮ್ಮ ಜೋಡಣೆಯನ್ನು ಮೈಕ್ರೋಸಾಫ್ಟಿನ ಜೋಡಣೆಯೊಂದಿಗೆ ಪದಪದವಾಗಿ ಹೋಲಿಸಿ, ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಕಾರಣ ಹುಡುಕಿದರು. ಕನ್ನಡದ ಪಾಲಿಗೆ ಹೀಗೆ ಹೋಲಿಸಲಾದ ಪದಗಳು ಸುಮಾರು 9.5 ಲಕ್ಷ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕನ್ನಡ ವಿಕಿಪೀಡಿಯಾಕ್ಕೆ ಬಿಡುವಿನಲ್ಲಿ ಕೂತು ಬರೆದವರಿಗೆ ತಮ್ಮ ಪದಗಳು ಹೀಗೊಂದು ಪರೀಕ್ಷೆಗೆ ಒದಗುತ್ತವೆ ಎಂದು ಗೊತ್ತಿರಲಿಲ್ಲ. ಹಾರ್ಫ್‌ಬಜ್ ಬರೆದವರ ಮನೆಮಾತು ಕನ್ನಡವಲ್ಲ. ಆದರೂ ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಊರುಗೋಲಾಯಿತು. ಕೆಲಸದ ಹಂಚಿಕೆ ಎಂದರೆ ಕಾರ್ಖಾನೆಯಲ್ಲಿ ಮೇಸ್ತ್ರಿ ಆಳುಗಳಿಗೆ ಹಚ್ಚಿಕೊಡುವುದು ಮಾತ್ರ ಎಂದುಕೊಂಡರೆ ಇಂಥ ಹಂಚಿಕೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಂದು ಇದೇ ಹಾರ್ಫ್‌ಬಜ್ ಗ್ನೋಮ್ ಮತ್ತು ಕೆಡಿಇಗಳ ಗಡಿ ದಾಟಿ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಹಾಗೂ ಆಂಡ್ರಾಯ್ಡ್ ಫೋನುಗಳಲ್ಲಿದೆ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದ ಸಂದೇಶ ಓದುವವರೆಲ್ಲರೂ ಇದರ ಫಲಾನುಭವಿಗಳು.

ಮುಖದ ಪ್ರಶ್ನೆ, ಬುಡದ ಪ್ರಶ್ನೆ

ಬುಡವನ್ನು ಹಂಚಿಕೊಳ್ಳಲು ಒಪ್ಪಿದವರು ಮುಖವನ್ನು ಹಂಚಿಕೊಳ್ಳಲು ಒಪ್ಪಲಿಲ್ಲ. 2002ರಲ್ಲಿ ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್‌ನ ಎಂಟನೆಯ ಆವೃತ್ತಿಯಲ್ಲಿ ಬ್ಲೂಕರ್ವ್ ಎಂಬ ಒಂದೇ ವೇಷವನ್ನು ಗ್ನೋಮ್‌ಗೂ ಕೆಡಿಇಗೂ ತೊಡಿಸಿತು. ಬಳಕೆದಾರನಿಗೆ ಗೊಂದಲವಾಗಬಾರದೆಂಬುದು ಅವರ ಉದ್ದೇಶ. ಕೆಡಿಇ ಪಾಳಯದಲ್ಲಿ ಇದರಿಂದ ಅಸಮಾಧಾನ ಹೊಗೆಯಾಡಿತು. ವರ್ಷಗಟ್ಟಲೆ ದುಡಿದು ಕೊಟ್ಟ ರೂಪವನ್ನು ಹೊರಗಿನವರು ಅಳಿಸಿದರು ಎಂಬ ನೋವು ಅದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆ ನೋಡಿ. ಕೆಡಿಇಯವರು ತಮ್ಮ ಜಾಲ ವೀಕ್ಷಣೆಯ ಪ್ರೋಗ್ರಾಂಗಾಗಿ ಕೆಎಚ್‌ಟಿಎಂಎಲ್ ಎಂಬ ಯಂತ್ರವನ್ನು ರಚಿಸಿದ್ದರು. 2003ರ ಜನವರಿಯಲ್ಲಿ ಆ್ಯಪಲ್ ಕಂಪನಿ ಅದನ್ನೇ ಆಧಾರವಾಗಿ ಇಟ್ಟುಕೊಂಡು ಸಫಾರಿಯನ್ನು ಹೊರತಂದಿತು. ಅದು ವೆಬ್‌ಕಿಟ್ ಎಂದು ಬೆಳೆಯಿತು. ಕೆಲವು ವರ್ಷಗಳಲ್ಲಿ ಗ್ನೋಮ್‌ನ ವೀಕ್ಷಣೆಯ ಪ್ರೋಗ್ರಾಂ ಕೂಡ ವೆಬ್‌ಕಿಟ್ಟಿಗೆ ಬದಲಾಯಿತು. ಕೆಡಿಇಯ ಮನೆಯಲ್ಲಿ ನೆಟ್ಟ ಗಿಡದ ಕಾಯಿ ಕ್ಯಾಲಿಫೋರ್ನಿಯಾವನ್ನು ಸುತ್ತಿ ಗ್ನೋಮ್‌ನ ಅಂಗಳಕ್ಕೆ ಬಿತ್ತು. ಇದು ಮುಖದ ವಿಷಯವಲ್ಲ, ಬುಡದ ವಿಷಯ.

ಬುಡ ಮತ್ತು ಮುಖದ ನಡುವಣ ಗೆರೆ ಒಂದೇ ಕಡೆ ನಿಂತಿಲ್ಲ. 2004ರಲ್ಲಿ ಪರವಾನಗಿಯ ಬದಲಾವಣೆಯಿಂದ ಎಕ್ಸ್‌ಫ್ರೀ86 ಎಂಬ ಹಳೆಯ ತಂಡದಿಂದ ಜನ ದೂರವಾಗಿ, ಎಕ್ಸ್‌ನ ಕೆಲಸ ಎಕ್ಸ್ ಡಾಟ್ ಆರ್ಗ್ ಪ್ರತಿಷ್ಠಾನದಡಿ ಫ್ರೀಡೆಸ್ಕ್‌ಟಾಪ್‌ನ ಅಂಗಳಕ್ಕೆ ಬಂತು. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ವೇಲ್ಯಾಂಡ್ ಎಂಬ ಹೊಸ ಕ್ರಮವನ್ನು ಆರಂಭಿಸಿದರು. ಎಕ್ಸ್‌ನ ಕಾಲದಲ್ಲಿ ತೆರೆಯನ್ನು ಆಳುವ ದೊಡ್ಡ ಪ್ರೋಗ್ರಾಂ ಎಲ್ಲರಿಗೂ ಒಂದೇ ಇತ್ತು. ವೇಲ್ಯಾಂಡಿನಲ್ಲಿ ಎಲ್ಲರಿಗೂ ಸಾಮಾನ್ಯವಾದದ್ದು ಮಾತಿನ ನಿಯಮ ಮಾತ್ರ. ಆ ನಿಯಮದಂತೆ ನಡೆಯುವ ಪ್ರೋಗ್ರಾಂ ಅನ್ನು ಗ್ನೋಮ್, ಕೆಡಿಇ ತಾವೇ ಬರೆದುಕೊಳ್ಳಬೇಕು. ಅಂದರೆ ಹಿಂದೆ ಕೆರೆಯಲ್ಲಿದ್ದ ಒಂದಷ್ಟು ಕೆಲಸ ಹೊಲಗಳಿಗೆ ವಾಪಸು ಹೋಯಿತು. ದೊಡ್ಡ ಮನೆಗಳಿಗೆ ಇದು ಸಾಧ್ಯವಾಯಿತು. ಸಣ್ಣ ಡೆಸ್ಕ್‌ಟಾಪುಗಳಿಗೆ ಹೊರೆಯಾಗಿ, ಅವುಗಳಲ್ಲಿ ಕೆಲವು ವ್ಲ್‌ರೂಟ್ಸ್ ಎಂಬ ಸಾಮಾನ್ಯ ಭಂಡಾರದ ಆಸರೆ ಪಡೆದವು. 2013ರಲ್ಲಿ ಉಬುಂಟು ಲಿನಕ್ಸಿನ ಕಂಪನಿ ವೇಲ್ಯಾಂಡನ್ನು ಬಿಟ್ಟು ಮಿರ್ ಎಂಬ ಸ್ವಂತ ವ್ಯವಸ್ಥೆಯನ್ನು ಘೋಷಿಸಿತ್ತು. ಜೊತೆಗೆ ಬರುವವರು ಇಲ್ಲದೆ, 2017ರಲ್ಲಿ ತನ್ನ ಸ್ವಂತ ಡೆಸ್ಕ್‌ಟಾಪನ್ನು ಕೈಬಿಟ್ಟು ಗ್ನೋಮ್‌ಗೆ ಮರಳಿತು. ಕೆರೆಯಿಂದ ದೂರ ಸ್ವಂತ ಬಾವಿ ತೋಡುವ ವೆಚ್ಚ ದೊಡ್ಡ ಕಂಪನಿಗೂ ಸುಲಭದ್ದಲ್ಲ.

ತೀರದ ವ್ಯಾಜ್ಯಗಳೂ ಇವೆ. ಕಿಟಕಿಯ ಮೇಲಿನ ಹೆಸರಿನ ಪಟ್ಟಿಯನ್ನು ಡೆಸ್ಕ್‌ಟಾಪ್ ಬರೆಯಬೇಕೋ ಪ್ರೋಗ್ರಾಂ ತಾನೇ ಬರೆದುಕೊಳ್ಳಬೇಕೋ ಎಂಬ ವಿಷಯದಲ್ಲಿ ಕೆಡಿಇಯದು ಒಂದು ಪಕ್ಷ, ಗ್ನೋಮ್‌ನದು ಇನ್ನೊಂದು. ಇದು ಮುಖವೂ ಹೌದು, ಬುಡವೂ ಹೌದು; ಬಗೆಹರಿಯದಿರುವುದಕ್ಕೆ ಅದೇ ಕಾರಣ.

ಬೆಂಗಳೂರಿನ ಆ ತಿಂಗಳು

2009ರ ಜುಲೈನಲ್ಲಿ ಸ್ಪೇನ್‌ಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ, ಮತ್ತೆ 2011ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ, ಎರಡು ಸಮುದಾಯಗಳೂ ತಮ್ಮ ವಾರ್ಷಿಕ ಸಮ್ಮೇಳನಗಳನ್ನು ಒಂದೇ ಸೂರಿನಡಿ ನಡೆಸಿದವು. 2011ರಲ್ಲಿ ನಮ್ಮ ಬೆಂಗಳೂರಿಗೂ ಎರಡೂ ಬಂದವು, ಬೇರೆಬೇರೆಯಾಗಿ. ಮಾರ್ಚ್ ತಿಂಗಳಲ್ಲಿ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇಯ ಭಾರತ ಸಮ್ಮೇಳನ ನಡೆಯಿತು. ಏಪ್ರಿಲ್ ಮೊದಲ ವಾರ ದಯಾನಂದ ಸಾಗರ ಸಂಸ್ಥೆಗಳಲ್ಲಿ ಗ್ನೋಮ್‌ನ ಏಷ್ಯಾ ಸಮಾವೇಶ ನಡೆಯಿತು. ಅದಾದ ಕೆಲವೇ ದಿನಗಳಲ್ಲಿ ಮೂರನೆಯ ಗ್ನೋಮ್ ಬಿಡುಗಡೆಯಾಯಿತು. ನಗರದಲ್ಲಿ 2001ರಲ್ಲಿ ಆರಂಭವಾಗಿ ವರ್ಷವರ್ಷ ನಡೆಯುತ್ತಿದ್ದ ಲಿನಕ್ಸ್ ಸಮ್ಮೇಳನ ಅದಕ್ಕೆ ಹದಗೊಳಿಸಿದ ನೆಲವಾಗಿತ್ತು.

ಈ ಚಳವಳಿಯಲ್ಲಿ ಕನ್ನಡದ ಮಟ್ಟಿಗೆ ನಡೆದ ಕೆಲಸ ಮುಖ್ಯವಾಗಿ ಅನುವಾದ, ಫಾಂಟು ಮತ್ತು ಕೀಲಿಮಣೆಯದು. ಅನುವಾದಕರಿಗೆ ಎರಡು ಮನೆಗಳ ತೊಂದರೆ ಇನ್ನೂ ಪೂರ್ತಿ ತಪ್ಪಿಲ್ಲ. ಗ್ನೋಮ್‌ನಲ್ಲಿ ‘ಫೈಲ್’ ಎಂಬುದನ್ನು ‘ಕಡತ’ ಎಂದವರು ಕೆಡಿಇಯಲ್ಲೂ ಮತ್ತೆ ಅದನ್ನು ಬರೆಯಬೇಕು. ಇಬ್ಬರು ಬೇರೆಬೇರೆ ಪದ ಬಳಸಿದರೆ ಓದುವವನಿಗೆ ಗೊಂದಲ. ಪದೇಪದೇ ಬರುವ ಶಬ್ದಗಳಿಗಾದರೂ ಒಂದೇ ಕನ್ನಡ ಪದವಿರಲಿ ಎಂದು, ಭಾರತೀಯ ಭಾಷೆಗಳಿಗಾಗಿ ಆರಂಭವಾದ ಫ್ಯೂಯೆಲ್ ಎಂಬ ಪದಪಟ್ಟಿಯ ಯೋಜನೆ ಈ ದಿಕ್ಕಿನಲ್ಲಿ ನೆರವಾಯಿತು. ಕೀಲಿಮಣೆಯ ವಿಷಯದಲ್ಲಿ ಮಾತ್ರ ಕೆಲಸ ಒಂದೇ ಸಲಕ್ಕೆ ಮುಗಿಯಿತು. ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಕಗಪ ವಿನ್ಯಾಸಗಳು ಫ್ರೀಡೆಸ್ಕ್‌ಟಾಪ್‌ನ ಸಾಮಾನ್ಯ ಕೀಲಿಮಣೆ ಭಂಡಾರದಲ್ಲಿವೆ. ಯಾವ ಡೆಸ್ಕ್‌ಟಾಪ್ ಬಳಸಿದರೂ ಅವು ಸಿಗುತ್ತವೆ. ನಮ್ಮಂಥ ಸಣ್ಣ ಸಂಖ್ಯೆಯ ಕಾರ್ಯಕರ್ತರಿರುವ ಭಾಷೆಗೆ ಇದರಲ್ಲಿ ಒಂದು ಪಾಠವಿದೆ. ಹೊಲದಲ್ಲಿ ಮಾಡಿದ ಕೆಲಸ ಆ ಹೊಲಕ್ಕೆ ಮಾತ್ರ. ಕೆರೆಯಲ್ಲಿ ಮಾಡಿದ ಕೆಲಸ ಎಲ್ಲ ಹೊಲಕ್ಕೂ.

ಹೂಳು ತೆಗೆಯುವವರು ಯಾರು?

ಆದರೆ ಕೆರೆಯ ವಿಷಯದಲ್ಲಿ ನಮ್ಮ ಹಳ್ಳಿಗಳಿಗೆ ಗೊತ್ತಿರುವ ಇನ್ನೊಂದು ಸತ್ಯವಿದೆ. ಎಲ್ಲರ ಕೆರೆ ಎಂದರೆ ಯಾರ ಕೆರೆಯೂ ಅಲ್ಲ ಎಂದಾಗುವ ಅಪಾಯ ಇದ್ದೇ ಇರುತ್ತದೆ. ಹೊಲದಲ್ಲಿ ಕಳೆ ಬಂದರೆ ಒಡೆಯ ಕೀಳುತ್ತಾನೆ. ಕೆರೆಯಲ್ಲಿ ಹೂಳು ತುಂಬಿದರೆ ಇನ್ನೊಬ್ಬರ ಮುಖ ನೋಡುತ್ತಾರೆ.

ದೃಷ್ಟಿ ಇಲ್ಲದವರಿಗೆ ತೆರೆಯ ಮೇಲಿನದನ್ನು ಓದಿ ಹೇಳುವ ಓರ್ಕಾ ಎಂಬ ತಂತ್ರಾಂಶವನ್ನೂ ಅದಕ್ಕೆ ಬೇಕಾದ ಬುಡದ ವ್ಯವಸ್ಥೆಯನ್ನೂ ಬಹುಪಾಲು ಬೆಳೆಸಿದ್ದು ಸನ್ ಕಂಪನಿಯ ಸಿಬ್ಬಂದಿ. 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡುಕೊಂಡ ಮೇಲೆ ಈ ಕೆಲಸಕ್ಕೆ ಇದ್ದ ಕೈಗಳು ಕಡಿಮೆಯಾದವು. ಕಣ್ಣಿರುವವರ ಪಾಲಿಗೆ ಡೆಸ್ಕ್‌ಟಾಪ್ ಚೆಲುವಾಗುತ್ತಲೇ ಹೋಯಿತು. ಕಣ್ಣಿಲ್ಲದವರ ಪಾಲಿಗೆ ಅದು ಮಾತಾಡುವುದೋ ಇಲ್ಲವೋ ಎಂಬುದು ಬೆರಳೆಣಿಕೆಯ ಜನರ ಸಹನೆಯನ್ನು ಅವಲಂಬಿಸಿತು. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಚಿಕ್ಕ ತಂತ್ರಾಂಶದಲ್ಲಿ ಯಾರೋ ಗುಟ್ಟಾಗಿ ಕಳ್ಳಬಾಗಿಲು ಇಟ್ಟಿರುವುದು ಪತ್ತೆಯಾಯಿತು. ಅದು ಡೆಸ್ಕ್‌ಟಾಪಿಗೆ ಮಾತ್ರ ಸೇರಿದ್ದಲ್ಲ. ಲಿನಕ್ಸ್ ಗಣಕಗಳಲ್ಲೆಲ್ಲ ಬಳಕೆಯಲ್ಲಿದ್ದದ್ದು. ಅದನ್ನು ವರ್ಷಗಳ ಕಾಲ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ ಒಬ್ಬರು ದಣಿದಿದ್ದರು. ಸಹಾಯಕನ ವೇಷದಲ್ಲಿ ಬಂದವನೇ ಕಳ್ಳನಾಗಿದ್ದ. 2025ರಲ್ಲಿ ಫ್ರೀಡೆಸ್ಕ್‌ಟಾಪ್‌ಗೆ ಉಚಿತವಾಗಿ ಗಣಕಗಳನ್ನು ಒದಗಿಸುತ್ತಿದ್ದ ಕಂಪನಿ ಆ ಸೇವೆಯನ್ನೇ ಮುಚ್ಚಿದಾಗ, ಇಷ್ಟೊಂದು ಸಮುದಾಯಗಳ ಸಾಮಾನ್ಯ ಭಂಡಾರವನ್ನು ತರಾತುರಿಯಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು.

ಪರಿಹಾರದ ಸೂಚನೆಗಳೂ ಕಾಣುತ್ತಿವೆ. 2019ರ ನವೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಗ್ನೋಮ್ ಮತ್ತು ಕೆಡಿಇ ಒಟ್ಟಾಗಿ ಪ್ರೋಗ್ರಾಂ ರಚಿಸುವವರ ಸಮ್ಮೇಳನವನ್ನು ಏರ್ಪಡಿಸಿದವು. ಆ ಪದ್ಧತಿ ಮುಂದೆಯೂ ನಡೆದುಬಂತು. 2023ರಲ್ಲಿ ಜರ್ಮನ್ ಸರ್ಕಾರದ ನೆರವಿನ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಗ್ನೋಮ್‌ಗೆ 10 ಲಕ್ಷ ಯೂರೋ ನೀಡಿತು. ಹಣದ ಒಂದು ಭಾಗ ಅಂಗವಿಕಲರಿಗೆ ನೆರವಾಗುವ ವ್ಯವಸ್ಥೆಯ ಸುಧಾರಣೆಗೆ ಮೀಸಲಾಗಿತ್ತು. ರಸ್ತೆ, ಸೇತುವೆಗಳಂತೆ ತಂತ್ರಾಂಶದ ಬುಡವೂ ಸಾರ್ವಜನಿಕ ಆಸ್ತಿ, ಅದರ ರಿಪೇರಿ ಸಾರ್ವಜನಿಕರ ಹೊಣೆ ಎಂಬ ವಿಚಾರ ಇದರ ಹಿಂದಿದೆ.

ಈ ವಿಚಾರ ಕನ್ನಡನಾಡಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಶಬ್ದ ಮತ್ತೆಮತ್ತೆ ಬರುತ್ತದೆ. ಕೆರೆ ಕಟ್ಟುವುದಕ್ಕೂ ಅದನ್ನು ಸುಸ್ಥಿತಿಯಲ್ಲಿಡುವುದಕ್ಕೂ ಬಿಟ್ಟುಕೊಟ್ಟ ಭೂಮಿ ಅಥವಾ ಹುಟ್ಟುವಳಿಯ ಪಾಲು ಅದು. ಕೆರೆ ಕಟ್ಟಿಸಿದವನ ಹೆಸರಿನ ಜೊತೆಯಲ್ಲೇ ಕೆರೆಯನ್ನು ಕಾಪಾಡುವ ಏರ್ಪಾಡೂ ಕಲ್ಲಿನ ಮೇಲೆ ಬರೆದಿರಬೇಕೆಂದು ಹಿರಿಯರು ಕಂಡುಕೊಂಡಿದ್ದರು. ಕನ್ನಡವನ್ನು ಗಣಕಕ್ಕೆ ತರಲು ನಮ್ಮಲ್ಲಿ ಹಣವೂ ಖರ್ಚಾಗಿದೆ, ಉತ್ಸಾಹವೂ ಖರ್ಚಾಗಿದೆ. ಅದರಲ್ಲಿ ಎಷ್ಟು ಪಾಲು ಒಂದು ಸಂಸ್ಥೆಯ, ಒಂದು ಪೆಟ್ಟಿಗೆಯ ತಂತ್ರಾಂಶಕ್ಕೆ ಹೋಯಿತು, ಎಷ್ಟು ಪಾಲು ಎಲ್ಲರೂ ಬಳಸುವ ಬುಡಕ್ಕೆ ಹೋಯಿತು ಎಂದು ಲೆಕ್ಕ ಹಾಕುವುದು ಒಳ್ಳೆಯದು. ಕನ್ನಡ ಬಲ್ಲ ತಂತ್ರಜ್ಞರು ಬೆಂಗಳೂರಿನಲ್ಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಸಾವಿರಗಟ್ಟಲೆ ಇದ್ದಾರೆ. ಅವರಲ್ಲಿ ಕೆಲವರಾದರೂ ವಾರಕ್ಕೊಂದು ಗಂಟೆ ಈ ಕೆರೆಯ ಏರಿಯ ಮೇಲೆ ಮಣ್ಣು ಹಾಕಿದರೆ, ಅವರನ್ನು ಕೆಲಸಕ್ಕೆ ಇಟ್ಟುಕೊಂಡ ಸಂಸ್ಥೆಗಳೂ ನಮ್ಮ ಸರ್ಕಾರವೂ ತಮ್ಮ ಪಾಲಿನ ಬಿತ್ತುವಟ್ಟವನ್ನು ಕೊಟ್ಟರೆ, ಇಪ್ಪತ್ತು ವರ್ಷಗಳ ಹಿಂದೆ ಇರಾನಿನವರೊಬ್ಬರು, ಜರ್ಮನಿಯವರೊಬ್ಬರು ನಮ್ಮ ಒತ್ತಕ್ಷರಕ್ಕಾಗಿ ಪಟ್ಟ ಶ್ರಮಕ್ಕೆ ಅದು ತಕ್ಕ ಮುಯ್ಯಿ.